‘ಡ್ಯಾನ್ಸಿಂಗ್ ಇನ್ ದಿ ಸ್ಟ್ರೀಟ್’: ಒಂದು ಗೀತೆಯ ಅರ್ಥವೂ ಅದರ ಕಾಲವೂ

ಜನರ ಬಾಯಲ್ಲಿ ನಿಂತ ಹಾಡನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನೆಚ್ಚಬಹುದೆಂಬ ಪ್ರಶ್ನೆ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಸಂಗೊಳ್ಳಿ ರಾಯಣ್ಣನ ಮೇಲಣ ಲಾವಣಿಯನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ಲೀಟ್ ಮಹಾಶಯರು ಸಂಗ್ರಹಿಸಿ ಅಚ್ಚು ಹಾಕಿಸಿದಂದಿನಿಂದ ಈ ಚರ್ಚೆ ನಮ್ಮಲ್ಲಿಯೂ ನಡೆದುಬಂದಿದೆ. ಆದರೆ ಅಲ್ಲಿ ತೊಡಕು ಕಡಮೆ. ಲಾವಣಿಕಾರನು ದಂಗೆಯ ಕಥೆಯನ್ನೇ ಹೇಳಹೊರಟವನು. ಅವನ ಮಾತಿನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ತೂಗಿದರೆ ನಮ್ಮ ಕೆಲಸ ಮುಗಿಯುತ್ತದೆ. ದಂಗೆಯ ಹೆಸರನ್ನೇ ಎತ್ತದ ಹಾಡೊಂದನ್ನು ದಂಗೆಯ ಹಾಡೆಂದು ಮುಂದಿನವರು ಹೇಳತೊಡಗಿದಾಗ, ಮತ್ತು ಅದನ್ನು ಹಾಡಿದಾಕೆಯೇ ‘ಅಲ್ಲ’ ಎಂದು ಸಾರಿ ಹೇಳಿದಾಗ, ಇತಿಹಾಸಕಾರನು ಯಾರ ಮಾತನ್ನು ಕೇಳಬೇಕು? ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು. ಇದಕ್ಕೆ ನಿದರ್ಶನವಾಗಿ ಅಮೆರಿಕದ ಒಂದು ಜನಪ್ರಿಯ ಗೀತೆಯನ್ನು ಆರಿಸಿಕೊಂಡಿದ್ದೇವೆ. ಜನಪ್ರಿಯ ಗೀತೆಯೆಂಬ ಕಾರಣಕ್ಕೆ ವಿದ್ವಾಂಸರು ಇದನ್ನು ಹಗುರವಾಗಿ ಎಣಿಸದಿರಲೆಂದು ಕೋರುತ್ತೇವೆ. ಏಕೆಂದರೆ ಇದರ ಸುತ್ತ ಬೆಳೆದಿರುವ ವಾದವಿವಾದಗಳು ಎಷ್ಟೋ ಶಾಸನಗಳ ಸುತ್ತ ಬೆಳೆದಿಲ್ಲ.

ಗೀತೆಯ ಹೆಸರು ‘ಡ್ಯಾನ್ಸಿಂಗ್ ಇನ್ ದಿ ಸ್ಟ್ರೀಟ್’, ಅಂದರೆ ಬೀದಿಯಲ್ಲಿ ಕುಣಿತ. ಹಾಡಿದವರು ಡೆಟ್ರಾಯಿಟ್ ನಗರದ ‘ಮಾರ್ಥಾ ಅಂಡ್ ದಿ ವ್ಯಾಂಡೆಲಾಸ್’ ಎಂಬ ಮೂವರು ಕಪ್ಪು ಯುವತಿಯರ ಮೇಳ. ರಚಿಸಿದವರು ಮಾರ್ವಿನ್ ಗೇ, ವಿಲಿಯಂ ‘ಮಿಕಿ’ ಸ್ಟೀವನ್ಸನ್, ಐವಿ ಜೋ ಹಂಟರ್ ಎಂಬ ಮೂವರು. ಬೆರಿ ಗಾರ್ಡಿ ಎಂಬಾತನು 1959ರಲ್ಲಿ ಮನೆಯವರಿಂದ 800 ಡಾಲರು ಸಾಲ ಪಡೆದು ಆರಂಭಿಸಿದ್ದ ಮೋಟೌನ್ ಸಂಸ್ಥೆಯು ತನ್ನ ‘ಗಾರ್ಡಿ’ ಎಂಬ ಮುದ್ರೆಯಡಿ ಇದನ್ನು 1964ರ ಜುಲೈ 31ರಂದು ಹೊರತಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಇಂಗ್ಲೆಂಡಿನಲ್ಲಿ ಅದೇ ವರ್ಷ 28ನೆಯ ಸ್ಥಾನದಲ್ಲೇ ನಿಂತದ್ದು 1969ರ ಮರುಮುದ್ರಣದಲ್ಲಿ ನಾಲ್ಕನೆಯದಕ್ಕೆ ಏರಿತು. ಅನಂತರ ಇದನ್ನು ಎಷ್ಟು ಜನ ಮತ್ತೆ ಹಾಡಿ ಮುದ್ರಿಸಿದರೆಂದರೆ, ಮೂಲಗಾಯಕಿಯ ಹೆಸರೇ ತಿಳಿಯದೆ ಹಾಡನ್ನು ಬಲ್ಲವರು ಲೋಕದಲ್ಲಿ ಅಸಂಖ್ಯ ಮಂದಿ.

ಮುಖ್ಯಗಾಯಕಿಯಾದ ಮಾರ್ಥಾ ರೀವ್ಸ್ ಹುಟ್ಟಿದ್ದು 1941ರಲ್ಲಿ, ದಕ್ಷಿಣದ ಅಲಬಾಮಾ ಸಂಸ್ಥಾನದ ಯೂಫಾಲಾ ಎಂಬ ಊರಿನಲ್ಲಿ. ಹನ್ನೊಂದು ಮಕ್ಕಳ ಸಂಸಾರ. ಆಕೆ ಇನ್ನೂ ಕೈಗೂಸಾಗಿದ್ದಾಗಲೇ ಮನೆಯವರು ಉತ್ತರಕ್ಕೆ, ಮೋಟಾರು ಕಾರ್ಖಾನೆಗಳ ಡೆಟ್ರಾಯಿಟಿಗೆ ಬಂದರು. ಈ ವಲಸೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಮುಂದೆ ಇದರ ಅಗತ್ಯ ಬೀಳುತ್ತದೆ. ಮೋಟೌನಿನಲ್ಲಿ ಆಕೆ ಮೊದಲು ಸೇರಿದ್ದು ಗಾಯಕಿಯಾಗಿ ಅಲ್ಲ, ಸ್ಟೀವನ್ಸನ್ನನ ಕಚೇರಿಯ ಕಾರ್ಯದರ್ಶಿಯಾಗಿ. ಈ ಗೀತೆಯನ್ನು ಮೊದಲು ಮಾರ್ವಿನ್ ಗೇ ಮಾದರಿಗಾಗಿ ಹಾಡಿದ್ದನು. ಆಕೆಯ ಸರದಿ ಬಂದಾಗ ಒಮ್ಮೆ ಪೂರ್ತಿಯಾಗಿ ಹಾಡಿ ಮುಗಿಸಿದ ಮೇಲೆ ಯಂತ್ರವು ಅದನ್ನು ಹಿಡಿದಿಲ್ಲವೆಂದು ತಿಳಿಯಿತಂತೆ. ಸಿಟ್ಟಿನಲ್ಲಿಯೇ ಮತ್ತೊಮ್ಮೆ ಹಾಡಿದಳಂತೆ. ನಾವಿಂದು ಕೇಳುತ್ತಿರುವುದು ಆ ಎರಡನೆಯದು. ಇದು ಆಕೆಯೇ ಹೇಳಿದ ಮಾತು. ಕಂಠದಲ್ಲಿರುವ ಬಿರುಸಿಗೆ ರಾಷ್ಟ್ರದ ಪರಿಸ್ಥಿತಿಯನ್ನು ಕಾರಣವಾಗಿ ಹುಡುಕುವವರು ಈ ಸಣ್ಣ ಸಂಗತಿಯನ್ನೂ ಗಮನಿಸಬೇಕು. ಹಿನ್ನೆಲೆಯಲ್ಲಿ ಕೇಳಿಸುವ ಗಡುಸಾದ ತಾಳದ ಪೆಟ್ಟು, ಹಂಟರನು ಮೋಟಾರು ಚಕ್ರದ ಕಬ್ಬಿಣದ ಸರಪಳಿಯನ್ನು ನೆಲಕ್ಕೆ ಬಡಿದದ್ದೆಂದು ಜತೆಗಿದ್ದವರು ಸ್ಮರಿಸುತ್ತಾರೆ. ಅಂತು, ಹಾಡು ಮೋಟಾರು ನಗರದ್ದೇ.

ಗೀತೆಯ ವಸ್ತು ಸರಳ. ಬೇಸಿಗೆ ಬಂದಿದೆ, ಊರೂರಿನವರೆಲ್ಲ ಉಟ್ಟ ಬಟ್ಟೆಯಲ್ಲೇ ಬೀದಿಗೆ ಬಂದು ಕುಣಿಯಲಿ ಎಂಬ ಕರೆ. ಕರೆಯ ನಡುವೆ ಊರುಗಳ ಹೆಸರು ಒಂದೊಂದಾಗಿ ಬರುತ್ತವೆ: ಷಿಕಾಗೊ, ನ್ಯೂ ಆರ್ಲಿಯನ್ಸ್, ನ್ಯೂಯಾರ್ಕ್, ಫಿಲಡೆಲ್ಫಿಯ, ಬಾಲ್ಟಿಮೋರ್, ರಾಜಧಾನಿ ವಾಷಿಂಗ್ಟನ್, ಮೋಟಾರು ನಗರವೆಂಬ ಅಡ್ಡಹೆಸರಿನಿಂದ ಡೆಟ್ರಾಯಿಟ್, ಕೊನೆಯಲ್ಲಿ ಲಾಸ್ ಏಂಜಲಿಸ್. ಇಷ್ಟರಲ್ಲಿ ಪೋಲೀಸಿನ ಮಾತಿಲ್ಲ, ಮತದಾನದ ಮಾತಿಲ್ಲ, ಬಣ್ಣದ ಮಾತೂ ಇಲ್ಲ. ಬೇಸಗೆಯ ಬೇಗೆಯಲ್ಲಿ ಬೀದಿಯ ಅಗ್ನಿಶಾಮಕ ನಲ್ಲಿಗಳನ್ನು ತೆರೆದುಬಿಟ್ಟು ಚಿಮ್ಮುವ ನೀರಿನಲ್ಲಿ ಮಕ್ಕಳೂ ದೊಡ್ಡವರೂ ಕುಣಿದಾಡುತ್ತಿದ್ದುದನ್ನು ನೋಡಿ ತನಗೆ ಈ ಕಲ್ಪನೆ ಹೊಳೆಯಿತೆಂದು ಸ್ಟೀವನ್ಸನ್ ಹೇಳಿದ್ದಾನೆ.

ಹೀಗಿರಲಾಗಿ, ಈ ಹಾಡು ಬಂಡಾಯದ ಗುಪ್ತ ಕರೆಯೆಂಬ ಖ್ಯಾತಿಯನ್ನು ಪಡೆದದ್ದು ಹೇಗೆ? ಈ ಖ್ಯಾತಿಯ ಪಕ್ಷದವರು ಹೇಳುವುದು ಇಷ್ಟು: 1964ರ ಬೇಸಗೆಯೆಂದರೆ ನಾಗರಿಕ ಹಕ್ಕುಗಳ ಶಾಸನಕ್ಕೆ ಅಧ್ಯಕ್ಷ ಜಾನ್ಸನ್ನನ ಸಹಿ ಬಿದ್ದ ಬೇಸಗೆ; ಹಾರ್ಲೆಮ್, ರಾಚೆಸ್ಟರ್, ಫಿಲಡೆಲ್ಫಿಯಗಳಲ್ಲಿ ಜನ ಬೀದಿಗಿಳಿದ ಬೇಸಗೆ; ಅಂಥ ಹೊತ್ತಿನಲ್ಲಿ ಕಪ್ಪು ಯುವತಿಯೊಬ್ಬಳು ಊರೂರಿನವರನ್ನೂ ಬೀದಿಗೆ ಬನ್ನಿರೆಂದು ಕರೆದರೆ ಅದಕ್ಕೆ ಕುಣಿತವಷ್ಟೇ ಅರ್ಥವೇ? ಎದುರು ಪಕ್ಷದವರ ಉತ್ತರ ಇನ್ನೂ ಚಿಕ್ಕದು: ಮಾರ್ಥಾ ರೀವ್ಸ್ ತಾನೇ ಇದನ್ನು ಸಂತೋಷಕೂಟದ ಹಾಡೆಂದು ಪದೇಪದೇ ಹೇಳಿದ್ದಾಳೆ, ಮಾತು ಅಲ್ಲಿಗೆ ಮುಗಿಯಿತು. ಎರಡು ಪಕ್ಷಗಳಲ್ಲಿಯೂ ಒಂದೇ ದೋಷವಿದೆಯೆಂದು ನಮ್ಮ ಅಭಿಪ್ರಾಯ. ಹಾಡಿಗೆ ಒಂದು ಅರ್ಥವಿದೆ, ಅದು ಹುಟ್ಟಿದ ದಿನವೇ ಅದರೊಳಗೆ ಇತ್ತು, ಅದನ್ನು ಹೊರತೆಗೆಯುವುದಷ್ಟೇ ನಮ್ಮ ಕೆಲಸ ಎಂದು ಇಬ್ಬರೂ ಭಾವಿಸುತ್ತಾರೆ.

ಮೊದಲು ಕಾಲಕ್ರಮವನ್ನು ನೋಡೋಣ. ನ್ಯೂಯಾರ್ಕಿನಲ್ಲಿ ಪೋಲೀಸು ಅಧಿಕಾರಿಯೊಬ್ಬನು ಹದಿನೈದು ವರ್ಷದ ಜೇಮ್ಸ್ ಪವೆಲ್ ಎಂಬ ಹುಡುಗನನ್ನು ಗುಂಡಿಕ್ಕಿ ಕೊಂದದ್ದು 1964ರ ಜುಲೈ 16ರಂದು. ಹಾರ್ಲೆಮಿನಲ್ಲಿ ಗಲಭೆ ಎದ್ದದ್ದು ಅದರ ಬೆನ್ನಿಗೆ. ರಾಚೆಸ್ಟರಿನದು ಜುಲೈ 24ರಂದು ಆರಂಭವಾಯಿತು. ಫಿಲಡೆಲ್ಫಿಯದ್ದು ಆಗಸ್ಟ್ 28ರಿಂದ 30ರವರೆಗೆ. ನಮ್ಮ ಗೀತೆಯ ಮುದ್ರಣ ಹಾರ್ಲೆಮಿನ ಘಟನೆಗೆ ಮೊದಲೇ ಮುಗಿದಿತ್ತು. ಎಂದಮೇಲೆ ಆ ಬೇಸಗೆಯ ಗಲಭೆಗಳು ಗೀತೆಗೆ ಪ್ರೇರಣೆಯಾದವೆನ್ನುವುದು ಕಾಲವಿಪರ್ಯಾಸವಾಗುತ್ತದೆ. ಗೀತೆಯು ಗಲಭೆಗಳಿಗೆ ಪ್ರೇರಣೆಯಾಯಿತೆನ್ನುವುದಕ್ಕಂತೂ ಏನೊಂದು ಆಧಾರವೂ ಇಲ್ಲ. ಹಾರ್ಲೆಮಿನವರು ಇನ್ನೂ ಮಾರುಕಟ್ಟೆಗೆ ಬಾರದ ಹಾಡನ್ನು ಕೇಳಿ ಬೀದಿಗೆ ಬಂದರೆನ್ನಲಾಗದು.

ಈ ಆಕ್ಷೇಪಕ್ಕೆ ಬುದ್ಧಿವಂತರಾದವರು ಬೇರೊಂದು ಸಮಾಧಾನ ಹೇಳುತ್ತಾರೆ. ಪ್ರೇರಣೆಯ ಮಾತು ಹಾಗಿರಲಿ, ಆ ಊರುಗಳ ಪಟ್ಟಿಯನ್ನು ನೋಡಿರಿ ಎನ್ನುತ್ತಾರೆ. ನ್ಯೂಯಾರ್ಕ್, ಫಿಲಡೆಲ್ಫಿಯ 1964ರಲ್ಲಿ ಹೊತ್ತಿದವು. ಲಾಸ್ ಏಂಜಲಿಸಿನ ವಾಟ್ಸ್ 1965ರ ಆಗಸ್ಟಿನಲ್ಲಿ. ಡೆಟ್ರಾಯಿಟ್ 1967ರಲ್ಲಿ. ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ 1968ರ ಏಪ್ರಿಲಿನಲ್ಲಿ ವಾಷಿಂಗ್ಟನ್, ಬಾಲ್ಟಿಮೋರ್, ಷಿಕಾಗೊ. ನ್ಯೂ ಆರ್ಲಿಯನ್ಸ್ ಒಂದನ್ನು ಬಿಟ್ಟರೆ ಹಾಡು ಹೆಸರಿಸಿದ ಊರುಗಳೆಲ್ಲವೂ ನಾಲ್ಕು ವರ್ಷಗಳೊಳಗಾಗಿ ಬೆಂಕಿಯನ್ನು ಕಂಡವು. ಇದು ಭವಿಷ್ಯವಾಣಿಯಲ್ಲದೆ ಮತ್ತೇನು? ಒಪ್ಪುತ್ತೇವೆ, ಮೊದಲ ಸಲ ಈ ಪಟ್ಟಿಯನ್ನು ಬರೆದು ಮುಂದೆ ಇಸವಿಗಳನ್ನು ತುಂಬಿಕೊಂಡಾಗ ನಮಗೂ ಬೆರಗಾಯಿತು.

ಆದರೆ ಬೆರಗು ಪ್ರಮಾಣವಾಗಲಾರದು. ಪಟ್ಟಿಯಲ್ಲಿಲ್ಲದ ಊರುಗಳನ್ನೂ ಕೇಳಬೇಕು. 1966ರಲ್ಲಿ ಹಫ್ ಎಂಬ ಕೇರಿಯಲ್ಲಿ ಗಲಭೆ ಕಂಡ ಕ್ಲೀವ್‌ಲೆಂಡ್ ಅದರಲ್ಲಿಲ್ಲ. 1967ರ ಜುಲೈನಲ್ಲಿ 26 ಮಂದಿ ಸತ್ತ ನ್ಯೂಅರ್ಕ್ ಅದರಲ್ಲಿಲ್ಲ. ಹಕ್ಕುಗಳ ಹೋರಾಟದ ಚರಿತ್ರೆಯಲ್ಲಿ ಚಿನ್ನದ ಅಕ್ಷರಗಳಿಂದ ಬರೆಯಬೇಕಾದ ಮಾಂಟ್‌ಗೊಮೆರಿಯಾಗಲಿ ಬರ್ಮಿಂಗ್‌ಹ್ಯಾಮ್ ಆಗಲಿ ಅದರಲ್ಲಿಲ್ಲ. ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಮಕ್ಕಳ ಮೇಲೆ ಪೋಲೀಸರು ನಾಯಿಗಳನ್ನು ಬಿಟ್ಟು, ಅಗ್ನಿಶಾಮಕದ ಕೊಳವೆಗಳಿಂದ ನೀರು ಹಾಯಿಸಿದ್ದು 1963ರ ಮೇ ತಿಂಗಳಲ್ಲಿ. ಗುಪ್ತ ರಾಜಕೀಯ ಸಂದೇಶವನ್ನು ಹೊಸೆಯಹೊರಟ ಕವಿಯು ಒಂದು ವರ್ಷದ ಹಿಂದಷ್ಟೇ ಲೋಕವೆಲ್ಲ ನೋಡಿದ ಆ ಊರನ್ನು ಬಿಟ್ಟು ಬಾಲ್ಟಿಮೋರನ್ನು ಹೆಸರಿಸುತ್ತಿದ್ದನೇ?

ಹಾಗಾದರೆ ಈ ಊರುಗಳೇ ಏಕೆ? ಇಲ್ಲಿ ನಾವು ಮಾರ್ಥಾ ರೀವ್ಸಳ ಬಾಲ್ಯಕ್ಕೆ ಹಿಂದಿರುಗಬೇಕು. 20ನೆಯ ಶತಮಾನದ ಎರಡನೆಯ ದಶಕದಿಂದ ಮೊದಲ್ಗೊಂಡು ಸುಮಾರು 1970ರವರೆಗೆ ಅರವತ್ತು ಲಕ್ಷದಷ್ಟು ಕಪ್ಪುಜನ ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿಯ ಭಯವನ್ನೂ ತೊರೆದು ಉತ್ತರದ ಹಾಗೂ ಪಶ್ಚಿಮದ ನಗರಗಳಿಗೆ ಹೋದರು. ಚರಿತ್ರಕಾರರು ಇದನ್ನು ‘ಮಹಾವಲಸೆ’ ಎನ್ನುತ್ತಾರೆ. ಡೆಟ್ರಾಯಿಟಿನಲ್ಲಿ 1910ರಲ್ಲಿ ಕಪ್ಪುಜನರ ಸಂಖ್ಯೆ 5,741. 1960ರ ಹೊತ್ತಿಗೆ 4 ಲಕ್ಷ 80 ಸಾವಿರಕ್ಕೂ ಮಿಕ್ಕು, ಊರಿನ ಹದಿನಾರು ಲಕ್ಷ ಎಪ್ಪತ್ತು ಸಾವಿರ ಜನರಲ್ಲಿ ನೂರಕ್ಕೆ 29ರಷ್ಟು. ರೈಲು ಎಲ್ಲಿಗೆ ಹೋಗುತ್ತಿತ್ತೋ, ಕಾರ್ಖಾನೆ ಎಲ್ಲಿತ್ತೋ, ನೆಂಟರು ಎಲ್ಲಿದ್ದರೋ ಅಲ್ಲಿ ಜನ ನೆಲೆಯೂರಿದರು. ಷಿಕಾಗೊ, ನ್ಯೂಯಾರ್ಕ್, ಫಿಲಡೆಲ್ಫಿಯ, ಬಾಲ್ಟಿಮೋರ್, ವಾಷಿಂಗ್ಟನ್, ಡೆಟ್ರಾಯಿಟ್, ಲಾಸ್ ಏಂಜಲಿಸ್. ಕಪ್ಪುಜನರ ಆಕಾಶವಾಣಿ ಕಾರ್ಯಕ್ರಮಗಳು, ರಂಗಮಂದಿರಗಳು, ಧ್ವನಿಮುದ್ರಿಕೆಯ ಅಂಗಡಿಗಳು ಹೆಚ್ಚಾಗಿ ಇದ್ದದ್ದು ಈ ಊರುಗಳಲ್ಲಿಯೇ. ಮೋಟೌನಿನ ಗಾಯಕರು ಬಸ್ಸಿನಲ್ಲಿ ಕುಳಿತು ಸುತ್ತುತ್ತಿದ್ದುದೂ ಈ ಊರುಗಳನ್ನೇ. ವ್ಯಾಪಾರಿಯಾದವನು ತನ್ನ ಗಿರಾಕಿಗಳ ಊರುಗಳನ್ನು ಹಾಡಿನಲ್ಲಿ ಕೂಗಿಸುವುದು ಅತ್ಯಂತ ಸಹಜವಾದ ಸಂಗತಿ. ತನ್ನ ಊರಿನ ಹೆಸರನ್ನು ಕೇಳಿದವನು ಮುದ್ರಿಕೆಯನ್ನು ಕೊಳ್ಳುತ್ತಾನೆ.

ಅದೇ ಊರುಗಳಲ್ಲಿ, ಅದೇ ವಲಸೆಯ ಜನ, ಇಕ್ಕಟ್ಟಾದ ಕೇರಿಗಳಲ್ಲಿ, ಬಾಡಿಗೆ ಹೆಚ್ಚು ಕೊಟ್ಟು, ಕೊನೆಗೆ ಸೇರಿ ಮೊದಲು ಕೆಲಸ ಕಳೆದುಕೊಂಡು, ಬಹುಮಟ್ಟಿಗೆ ಬಿಳಿಯರದೇ ಆದ ಪೋಲೀಸಿನ ಕಣ್ಣಡಿಯಲ್ಲಿ ಬದುಕಿದರು. ಡೆಟ್ರಾಯಿಟಿನಲ್ಲಿ ಕಪ್ಪುಜನರ ಸಂಗೀತಕ್ಕೂ ವ್ಯಾಪಾರಕ್ಕೂ ಹೆಸರಾಗಿದ್ದ ಹೇಸ್ಟಿಂಗ್ಸ್ ಬೀದಿಯನ್ನು ಹೆದ್ದಾರಿಗಾಗಿ ಕೆಡವಿದ್ದು ಈ ಗೀತೆಗೆ ಹಿಂದಿನ ಕೆಲವೇ ವರ್ಷಗಳಲ್ಲಿ. ಆದಕಾರಣ ಪಟ್ಟಿಗೂ ಗಲಭೆಗೂ ಇರುವ ನಂಟು ತಾಯಿಮಕ್ಕಳ ನಂಟಲ್ಲ, ಒಂದೇ ತಾಯಿಯ ಇಬ್ಬರು ಮಕ್ಕಳ ನಂಟು. ಮಹಾವಲಸೆಯೇ ಮೋಟೌನಿಗೆ ಮಾರುಕಟ್ಟೆಯನ್ನು ಒದಗಿಸಿತು, ಮಹಾವಲಸೆಗೆ ನಗರಗಳು ಕೊಟ್ಟ ಕೆಟ್ಟ ಸ್ವಾಗತವೇ ಗಲಭೆಗಳನ್ನು ಒದಗಿಸಿತು. ಇವೆರಡನ್ನೂ ಒಂದರಿಂದೊಂದು ಹುಟ್ಟಿಸಹೊರಟವರು ಆ ತಾಯಿಯನ್ನೇ ಮರೆತಿದ್ದಾರೆ.

ಇನ್ನೊಂದು ಆಕರದ ಮಾತನ್ನು ಹೇಳಿ ಮುಂದುವರಿಯುತ್ತೇವೆ. ಈ ಗೀತೆಯನ್ನು 1964ರಲ್ಲಿ ಕಪ್ಪುಜನ ಎಷ್ಟು ಕೊಂಡರು, ಬಿಳಿಯರೆಷ್ಟು ಕೊಂಡರು ಎಂದು ಯಾರಾದರೂ ಬಿಲ್‌ಬೋರ್ಡ್ ಪತ್ರಿಕೆಯಿಂದ ತಿಳಿಯಹೊರಟರೆ ಅದು ಸಾಧ್ಯವಾಗುವುದಿಲ್ಲ. ಕಪ್ಪುಜನರ ಸಂಗೀತಕ್ಕೆಂದು ಆ ಪತ್ರಿಕೆ ಇಟ್ಟಿದ್ದ ಪ್ರತ್ಯೇಕ ಪಟ್ಟಿಯನ್ನು 1963ರ ನವೆಂಬರಿನಲ್ಲಿ ನಿಲ್ಲಿಸಿ, 1965ರ ಜನವರಿಯಲ್ಲಿ ಮತ್ತೆ ಆರಂಭಿಸಲಾಯಿತು. ನಡುವಣ ಹದಿನಾಲ್ಕು ತಿಂಗಳು ಅಂಥ ಪಟ್ಟಿಯೇ ಇಲ್ಲ. ನಮ್ಮ ಗೀತೆ ಬಿದ್ದದ್ದು ಸರಿಯಾಗಿ ಆ ಅಂತರದಲ್ಲಿ. ಇದನ್ನು ಗಮನಿಸದೆ ‘ಕಪ್ಪುಜನರ ಗೀತೆಯಾಗಿ ಆಗಲೇ ಸ್ವೀಕೃತವಾಗಿತ್ತು’ ಎಂದಾಗಲಿ ‘ಬಿಳಿಯ ಹುಡುಗರ ಕುಣಿತದ ಹಾಡಾಗಿತ್ತು’ ಎಂದಾಗಲಿ ಬರೆಯುವುದು ಸಾಧುವಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬಂಡಾಯದ ಅರ್ಥವು ಬರಿಯ ಸುಳ್ಳೆಂದು ನಾವು ಹೇಳುತ್ತಿಲ್ಲ. ಆ ಅರ್ಥಕ್ಕೂ ಒಂದು ಹುಟ್ಟಿದ ದಿನವಿದೆ; ಅದನ್ನು ಹುಡುಕಿದರೆ ಸಿಗುತ್ತದೆ. ಮುಂದೆ ಅಸ್ಕಿಯಾ ತೂರೆ ಎಂದು ಹೆಸರಾದ ಕವಿ ರೋಲಂಡ್ ಸ್ನೆಲಿಂಗ್ಸ್ 1965ರ ಅಕ್ಟೋಬರಿನಲ್ಲಿ ‘ಲಿಬರೇಟರ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದನು. ತನ್ನ ಜನರ ಇಂಥ ಹಾಡುಗಳು ಒಂದು ಆಯುಧವೆಂಬುದು ಅದರ ಪ್ರತಿಪಾದನೆ. ನಮ್ಮ ಗೀತೆಯೂ ಅಲ್ಲಿ ಬರುತ್ತದೆ. ಮರುವರ್ಷ ಲಿರಾಯ್ ಜೋನ್ಸ್, ಅಂದರೆ ಮುಂದಿನ ಅಮೀರಿ ಬರಾಕ, ತನ್ನ ಪ್ರಬಂಧವೊಂದರಲ್ಲಿ ಈ ಗೀತೆಯನ್ನು ಕಪ್ಪುಜನರ ಸಾಮಾಜಿಕ ಭಾವವನ್ನು ರೂಪಕದ ಮರೆಯಲ್ಲಿ ಹೇಳುವ ಹಾಡುಗಳ ಸಾಲಿನಲ್ಲಿ ಇಟ್ಟನು. ವಾಟ್ಸ್ ಕೇರಿ ಉರಿದು ಎರಡು ತಿಂಗಳಿಗೆ ಸ್ನೆಲಿಂಗ್ಸನ ಲೇಖನ ಬಂದಿತೆಂಬುದು ಗಮನಾರ್ಹ. ಇವು ಅಂದಿನ ಕೇಳುಗರ ಸಾಕ್ಷ್ಯಗಳು, ನಮಗೆ ಅಮೂಲ್ಯವಾದವು. ಆದರೆ ಇವು 1965ರಲ್ಲಿ ಮತ್ತು 1966ರಲ್ಲಿ ಹೇಗೆ ಕೇಳಿಸಿತೆಂಬುದಕ್ಕೆ ಸಾಕ್ಷ್ಯಗಳೇ ಹೊರತು 1964ರಲ್ಲಿ ಹೇಗೆ ರಚಿತವಾಯಿತೆಂಬುದಕ್ಕಲ್ಲ.

ನಮ್ಮ ಆಲಂಕಾರಿಕರು ಇಂಥದನ್ನು ಎಂದೋ ಅರಿತಿದ್ದರು. ಮಮ್ಮಟನು ವ್ಯಂಗ್ಯಾರ್ಥಕ್ಕೆ ಕಾರಣಗಳನ್ನು ಎಣಿಸುವಾಗ ಹೇಳುವವನನ್ನಷ್ಟೇ ಅಲ್ಲ, ಕೇಳುವವನನ್ನೂ ಸಂದರ್ಭವನ್ನೂ ದೇಶಕಾಲಗಳನ್ನೂ ಎಣಿಸುತ್ತಾನೆ. ಸೂರ್ಯಾಸ್ತವಾಯಿತೆಂಬ ಒಂದೇ ಮಾತು ದನಗಾಹಿಗೆ ಒಂದಾಗಿ, ಅಭಿಸಾರಿಕೆಗೆ ಒಂದಾಗಿ, ಅಂಗಡಿಯವನಿಗೆ ಒಂದಾಗಿ ಕೇಳಿಸುತ್ತದೆಯೆಂಬ ಶಾಸ್ತ್ರೋದಾಹರಣೆಯನ್ನು ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ವಾಚ್ಯವು ನಿಯತ, ವ್ಯಂಗ್ಯವು ಅನಿಯತ. ಇತಿಹಾಸಕಾರನು ಇದಕ್ಕೆ ಸೇರಿಸಬೇಕಾದದ್ದು ಒಂದೇ: ಪ್ರತಿಯೊಂದು ಧ್ವನಿಗೂ ತೇದಿಯನ್ನು ಹಾಕಬೇಕು. ಯಾವ ಕೇಳುಗ, ಯಾವ ಊರಿನಲ್ಲಿ, ಯಾವ ವರ್ಷ?

ಈ ದೃಷ್ಟಿಯಿಂದ ಎರಡನೆಯ ಪಕ್ಷವನ್ನೂ ಸ್ವಲ್ಪ ಪರೀಕ್ಷಿಸಬೇಕು. ಮೋಟೌನಿನವರಿಗೆ ರಾಜಕೀಯದ ಗಂಧವೇ ಇರಲಿಲ್ಲ, ಅವರು ಕುಣಿತದ ಹಾಡಿನ ವ್ಯಾಪಾರಿಗಳು ಎಂಬ ಮಾತು ಅರ್ಧಸತ್ಯ. 1963ರ ಜೂನ್ 23ರಂದು ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ ಎಂಬ ಹೆಬ್ಬೀದಿಯಲ್ಲಿ ಲಕ್ಷಕ್ಕೂ ಮೀರಿದ ಜನ ಸ್ವಾತಂತ್ರ್ಯದ ನಡಿಗೆ ನಡೆದರು. ಕೊನೆಯಲ್ಲಿ ಕಿಂಗ್ ಮಾಡಿದ ಭಾಷಣದಲ್ಲಿ, ಎರಡು ತಿಂಗಳ ಅನಂತರ ವಾಷಿಂಗ್ಟನ್ನಿನಲ್ಲಿ ಜಗತ್ಪ್ರಸಿದ್ಧವಾದ ಕನಸಿನ ಮಾತು ಆಗಲೇ ಇತ್ತು. ಅದನ್ನು ಧ್ವನಿಮುದ್ರಿಸಿ ಮಾರಿದವರು ಮೋಟೌನಿನವರೇ, ಅದೂ ಇದೇ ‘ಗಾರ್ಡಿ’ ಮುದ್ರೆಯಡಿ. ಒಂದೇ ಮುದ್ರೆ, ಒಂದೇ ಊರು, ಹದಿಮೂರು ತಿಂಗಳ ಅಂತರ. ಬೀದಿಯಲ್ಲಿ ಜನ ಸೇರುವುದೆಂದರೆ ಏನೆಂಬುದನ್ನು ಆ ಸಂಸ್ಥೆಯವರು ಅರಿಯದವರಲ್ಲ. ಅರಿತೂ ಅವರು ಎಚ್ಚರದಿಂದಿದ್ದರು. ಬಿಳಿಯ ಮನೆಗಳ ಕೊಠಡಿಗಳಲ್ಲಿಯೂ ತಮ್ಮ ಹಾಡು ನುಡಿಯಬೇಕೆಂಬುದು ಗಾರ್ಡಿಯ ಹಂಬಲ. ತನ್ನ ಸಂಗೀತವನ್ನು ಆತನು ಅಮೆರಿಕದ ಯುವಜನರ ನಾದವೆಂದು ಕರೆದನೇ ಹೊರತು ಕಪ್ಪು ಅಮೆರಿಕದ ನಾದವೆಂದು ಕರೆಯಲಿಲ್ಲ.

ಆದರೂ ಮಾರ್ಥಾ ರೀವ್ಸಳ ಮಾತಿಗೆ ನಮ್ಮ ಲೇಖಕರು ತೋರಿಸಿರುವ ಅನಾದರವನ್ನು ನಾವು ಒಪ್ಪಲಾರೆವು. ಆಕೆಯ ನಿರಾಕರಣೆಯನ್ನು ಅವರು ಕೇಳುತ್ತಾರೆ, ನಗುತ್ತಾರೆ, ಬದಿಗಿಡುತ್ತಾರೆ. ಪಾಪ, ತಾನು ಹಾಡಿದ್ದೇನೆಂದು ಆಕೆಗೇ ತಿಳಿಯಲಿಲ್ಲ ಎಂಬುದು ಅವರ ಧೋರಣೆ. ಇದೇ ಮಾತನ್ನು ಒಬ್ಬ ಮಂತ್ರಿ ಬರೆದ ಪತ್ರದ ವಿಷಯದಲ್ಲಿ ಅವರು ಆಡಿಯಾರೇ? ಸಾಕ್ಷಿಯು ಹೆಣ್ಣು, ಸಾಕ್ಷಿಯು ಗಾಯಕಿ, ಸಾಕ್ಷಿಗೆ ಪದವಿಯಿಲ್ಲ. ಆದ್ದರಿಂದ ಸಾಕ್ಷ್ಯ ಹಗುರವಾಯಿತು. ನಿಜದಲ್ಲಿ ಆಕೆ ಹೇಳಿದ್ದು ತುಂಬ ನಿರ್ದಿಷ್ಟವಾದುದು. ಹಾಡುವಾಗ ತನ್ನ ಮನಸ್ಸಿನಲ್ಲಿ ಏನಿತ್ತೆಂದು ಆಕೆ ಹೇಳಿದಳು. ಅದನ್ನು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಕೇಳಿದವರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಆಕೆ ಸಾಕ್ಷಿಯಲ್ಲ. ಆ ಮಟ್ಟಿಗೆ ಎದುರು ಪಕ್ಷದವರು ಆಕೆಯ ಮಾತನ್ನು ತೀರ್ಪಾಗಿ ಬಳಸುವುದೂ ತಪ್ಪೇ. ಪ್ರಸಂಗವಶಾತ್ ಇಲ್ಲಿ ಇನ್ನೊಂದು ಮಾತು. ಅಮೆರಿಕದ ಕಾನೂನಿನಲ್ಲಿ ಬೇರೊಬ್ಬರು ಹಾಡನ್ನು ಮತ್ತೆ ಹಾಡಿ ಮುದ್ರಿಸಿದಾಗ ಗೌರವಧನ ಸಲ್ಲುವುದು ಗೀತೆಯ ಹಕ್ಕುದಾರರಿಗೆ, ಮೊದಲು ಹಾಡಿದವರಿಗಲ್ಲ. ಹಾಡು ನೂರು ಬಾಯಿಗೆ ಬಿದ್ದಷ್ಟೂ ರಚಿಸಿದವರಿಗೆ ಆದಾಯ. ಹಾಡಿದಾಕೆಗೆ ಉಳಿಯುವುದು ಕೀರ್ತಿ, ಅದರ ಜತೆಗೆ ಅರ್ಥದ ಬಗ್ಗೆ ಪತ್ರಕರ್ತರ ಪ್ರಶ್ನೆಗಳು.

ಕುಣಿತಕ್ಕೂ ರಾಜಕೀಯಕ್ಕೂ ನಡುವೆ ಇಷ್ಟು ದಪ್ಪನೆಯ ಗೆರೆಯನ್ನು ಎಳೆಯಬಹುದೇ ಎಂಬ ಸಂದೇಹವನ್ನು ಡೆಟ್ರಾಯಿಟಿನ 1967ರ ಘಟನೆಯೇ ನಮ್ಮಲ್ಲಿ ಹುಟ್ಟಿಸಿತು. ಜುಲೈ 23, ಭಾನುವಾರ, ಬೆಳಗಾಗುವ ಮುನ್ನ, ಹನ್ನೆರಡನೆಯ ಬೀದಿಯಲ್ಲಿ ಪರವಾನಗಿಯಿಲ್ಲದ ಒಂದು ಪಾನಗೃಹಕ್ಕೆ ಪೋಲೀಸರು ನುಗ್ಗಿದರು. ಒಳಗೆ ನಡೆಯುತ್ತಿದ್ದುದು ವಿಯೆಟ್ನಾಮಿನಿಂದ ಹಿಂದಿರುಗಿದ ಇಬ್ಬರು ಸೈನಿಕರಿಗಾಗಿ ಏರ್ಪಟ್ಟಿದ್ದ ಸಂತೋಷಕೂಟ. ಎಂಬತ್ತಕ್ಕೂ ಮಿಕ್ಕು ಮಂದಿಯನ್ನು ಹಿಡಿದು ಬೀದಿಗೆ ತಂದು ನಿಲ್ಲಿಸಿದರು. ಸೆಕೆಯ ರಾತ್ರಿ, ಬೀದಿಯಲ್ಲಿ ಜನ ಮೊದಲೇ ಇದ್ದರು. ಐದು ದಿನಗಳ ಅನಂತರ 43 ಜನ ಸತ್ತಿದ್ದರು, ಅವರಲ್ಲಿ 33 ಮಂದಿ ಕಪ್ಪುಜನ. ಏಳು ಸಾವಿರಕ್ಕೂ ಮೀರಿ ದಸ್ತಗಿರಿಯಾಗಿತ್ತು. ನಗರಕ್ಕೆ ಸೇನೆ ಬಂದಿತ್ತು. ಆ ಭಾನುವಾರ ಮಾರ್ಥಾ ರೀವ್ಸ್ ತನ್ನ ಊರಿನ ಫಾಕ್ಸ್ ರಂಗಮಂದಿರದಲ್ಲಿ ಹಾಡುತ್ತಿದ್ದಳು. ಸುದ್ದಿ ಬಂದಾಗ ವೇದಿಕೆಯಿಂದ ಸಭಿಕರಿಗೆ ಅದನ್ನು ತಿಳಿಸಿ, ಗಾಬರಿಯಾಗದೆ ಮನೆಗೆ ಹೋಗಿರೆಂದು ಹೇಳುವ ಕೆಲಸ ಆಕೆಯ ಪಾಲಿಗೆ ಬಂತು. ಜನರನ್ನು ಬೀದಿಗೆ ಕರೆದ ಹಾಡಿನವಳು ಬೀದಿಯನ್ನು ಬಿಟ್ಟು ಮನೆ ಸೇರಿರೆಂದು ಬೇಡಬೇಕಾಯಿತು. ಸಂತೋಷಕೂಟವೋ ಗಲಭೆಯೋ ಎಂಬುದನ್ನು ನಿರ್ಣಯಿಸುವ ಅಧಿಕಾರ ಆ ಊರಿನಲ್ಲಿ ಕುಣಿಯುವವರ ಕೈಯಲ್ಲಿ ಇರಲಿಲ್ಲ. ಇದನ್ನು ಬಲ್ಲ ಕೇಳುಗನಿಗೆ ‘ಇದು ಬರಿಯ ಕುಣಿತದ ಹಾಡು’ ಎಂಬ ಮಾತು ಸಮಾಧಾನ ಕೊಡದಿದ್ದರೆ ಅದು ಅವನ ತಪ್ಪಲ್ಲ.

ಇನ್ನು ಮರುಗಾಯನಗಳ ವಿಷಯ. ಇಂಗ್ಲೆಂಡಿನ ‘ಕಿಂಕ್ಸ್’ ಮೇಳದವರು 1965ರಲ್ಲಿಯೇ ಹಾಡಿದರು. ಅದರಲ್ಲಿ ಹೇಳತಕ್ಕದ್ದು ಹೆಚ್ಚೇನಿಲ್ಲ. ಕ್ಯಾಲಿಫೋರ್ನಿಯದ ‘ಮಾಮಾಸ್ ಅಂಡ್ ಪಾಪಾಸ್’ 1966ರಲ್ಲಿ ಮುದ್ರಿಸಿ, 1967ರ ಜೂನ್ 18ರಂದು ಮಾಂಟೆರಿಯ ಸಂಗೀತೋತ್ಸವದಲ್ಲಿ ಹಾಡಿದರು. ಹೂ ಮುಡಿದ ಯುವಜನರ ಮುಂದೆ ಅದೇ ಪದಗಳು, ಅದೇ ಊರುಗಳು. ಡೆಟ್ರಾಯಿಟಿನ ಬೆಂಕಿಗೆ ಇನ್ನು ಐದೇ ವಾರ. ‘ಗ್ರೇಟ್‌ಫುಲ್ ಡೆಡ್’ ಮೇಳದವರು 1977ರ ಮುದ್ರಿಕೆಯಲ್ಲಿ ಇದನ್ನು ಆ ಕಾಲದ ಡಿಸ್ಕೊ ಲಯಕ್ಕೆ ಒಗ್ಗಿಸಿದರು. 1982ರಲ್ಲಿ ‘ವ್ಯಾನ್ ಹೇಲನ್’ ತಂಡದವರ ಪಾಲಿಗೆ ಇದು ಯಂತ್ರವಾದ್ಯದ ಕಸರತ್ತಿಗೊಂದು ನೆಪವಾಯಿತು. ರುಚಿಯ ಮಾತನ್ನು ಬಿಟ್ಟರೂ, ಇವುಗಳಲ್ಲಿ ಯಾವುದನ್ನೂ ಯಾರೂ ದಂಗೆಯ ಕರೆಯೆಂದು ಸಂದೇಹಿಸಲಿಲ್ಲವೆಂಬುದು ವಿಚಾರಾರ್ಹ. ಅರ್ಥವು ಪದಗಳಲ್ಲಿಯೇ ಹುದುಗಿದ್ದುದಾದರೆ ಹಾಡುವವರ ಬಣ್ಣ ಬದಲಾದೊಡನೆ ಅದು ಎಲ್ಲಿ ಹೋಯಿತು?

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಡೇವಿಡ್ ಬೋವಿ ಮತ್ತು ಮಿಕ್ ಜಾಗರ್ 1985ರಲ್ಲಿ ಕೂಡಿ ಹಾಡಿದ್ದು. ಇಥಿಯೋಪಿಯದ ಕ್ಷಾಮಪೀಡಿತರಿಗಾಗಿ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿಯೂ ಅಮೆರಿಕದ ಫಿಲಡೆಲ್ಫಿಯದಲ್ಲಿಯೂ ಏಕಕಾಲಕ್ಕೆ ನಡೆದ ‘ಲೈವ್ ಏಡ್’ ಮಹಾಸಂಗೀತಕೂಟಕ್ಕಾಗಿ ಇದನ್ನು ಸಿದ್ಧಪಡಿಸಲಾಯಿತು. ಒಬ್ಬನು ಅಲ್ಲಿ, ಒಬ್ಬನು ಇಲ್ಲಿ ನಿಂತು ಉಪಗ್ರಹದ ಮೂಲಕ ಕೂಡಿ ಹಾಡಬೇಕೆಂಬ ಮೊದಲ ಯೋಚನೆ, ಧ್ವನಿ ತಲಪುವಲ್ಲಿ ಆಗುವ ವಿಳಂಬದಿಂದ ಕೈಬಿಟ್ಟುಹೋಯಿತು. ಮುದ್ರಿಕೆಯು ಇಂಗ್ಲೆಂಡಿನಲ್ಲಿ ಮೊದಲನೆಯ ಸ್ಥಾನಕ್ಕೂ ಅಮೆರಿಕದಲ್ಲಿ ಏಳನೆಯದಕ್ಕೂ ಏರಿತು. ಇದರ ಆರಂಭದಲ್ಲಿ ಊರುಗಳ ಕೂಗಿಗೆ ಬದಲಾಗಿ ದೇಶಗಳ, ಖಂಡಗಳ ಕೂಗು ಕೇಳಿಸುತ್ತದೆ. ಬೀದಿಯು ಲೋಕದಷ್ಟು ಅಗಲವಾಯಿತು, ಅಗಲವಾದಷ್ಟೂ ಅದರಲ್ಲಿ ಮನೆಗಳು ಕಾಣದಾದವು. ಉದ್ದೇಶ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ, ಗಾಯಕರನ್ನು ನಾವು ದೂಷಿಸುವುದೂ ಇಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ಒಂದು ತೇದಿಯನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ಅದೇ ಫಿಲಡೆಲ್ಫಿಯದ ಓಸೇಜ್ ಅವೆನ್ಯೂ ಎಂಬ ಬೀದಿಯಲ್ಲಿ, ‘ಮೂವ್’ ಎಂಬ ಕಪ್ಪುಜನರ ಸಂಘದವರಿದ್ದ ಮನೆಯ ಮೇಲೆ ಪೋಲೀಸರು ಹೆಲಿಕಾಪ್ಟರಿನಿಂದ ಸ್ಫೋಟಕವನ್ನು ಹಾಕಿದ್ದು 1985ರ ಮೇ 13ರಂದು. ಐವರು ಮಕ್ಕಳೂ ಸೇರಿ 11 ಮಂದಿ ಸತ್ತರು. 61 ಮನೆಗಳು ಸುಟ್ಟುಹೋದವು. ಸಂಗೀತಕೂಟಕ್ಕೆ ಸರಿಯಾಗಿ ಎರಡು ತಿಂಗಳ ಮುಂಚೆ. 1964ರ ಹಾಡು ಹೆಸರಿಟ್ಟು ಕರೆದ ಊರುಗಳಲ್ಲಿ ಇದೂ ಒಂದಲ್ಲವೇ? ಲೋಕವನ್ನೆಲ್ಲ ಕುಣಿಯಲು ಕರೆದ 1985ರ ಹಾಡಿನಲ್ಲಿ ಈ ಬೀದಿಯ ಧ್ವನಿಯನ್ನು ಯಾರೂ ಕೇಳಲಿಲ್ಲ. ಕೇಳುಗರು ಬೇರೆಯಾಗಿದ್ದರು.

ಈ ವಿಷಯದ ಮೇಲೆ ಬಂದಿರುವ ಎರಡು ಗ್ರಂಥಗಳನ್ನು ವಾಚಕರಿಗೆ ಸೂಚಿಸುವುದು ಯುಕ್ತ. ಸುಝಾನ್ ಸ್ಮಿತ್ ಅವರ 1999ರ ಕೃತಿಯು ಗೀತೆಯ ಹೆಸರನ್ನೇ ತನ್ನ ಶೀರ್ಷಿಕೆಯಲ್ಲಿ ಹೊತ್ತಿದ್ದರೂ ಗೀತೆಯ ಮೇಲೆ ನಿಲ್ಲದೆ ಡೆಟ್ರಾಯಿಟ್ ನಗರದ ಕಪ್ಪುಜನರ ಸಾಂಸ್ಕೃತಿಕ ರಾಜಕಾರಣವನ್ನು ವಿವರಿಸುತ್ತದೆ. ಮೋಟೌನನ್ನು ಊರಿನಿಂದ ಬಿಡಿಸಿ ನೋಡಲಾಗದೆಂಬುದು ಅದರ ನಿಲುವು. ನಮ್ಮ ವಿಚಾರಕ್ಕೆ ಇದೇ ಹತ್ತಿರವಾದದ್ದು. ಮಾರ್ಕ್ ಕರ್ಲಾನ್ಸ್ಕಿ ಅವರ 2013ರ ಗ್ರಂಥ ಈ ಒಂದೇ ಗೀತೆಗೆ ಮೀಸಲು. ಸಾಮಗ್ರಿ ವಿಪುಲ, ಓದಿಸಿಕೊಂಡು ಹೋಗುವ ಬರವಣಿಗೆ. ರಚಿಸಿದವರ ಮತ್ತು ಹಾಡಿದಾಕೆಯ ನಿರಾಕರಣೆಗಳನ್ನು ಅವರು ಮರೆಮಾಚಿಲ್ಲವೆಂಬುದೂ ಮೆಚ್ಚತಕ್ಕದ್ದು. ಆದರೆ ಬದಲಾಗುತ್ತಿದ್ದ ಅಮೆರಿಕದ ರಾಷ್ಟ್ರಗೀತೆಯೋ ಎಂಬಂತೆ ಹಾಡನ್ನು ಉಪಶೀರ್ಷಿಕೆಯಲ್ಲಿಯೇ ಪಟ್ಟಕ್ಕೇರಿಸಿರುವುದು ನಮಗೆ ಸರಿದೋರುವುದಿಲ್ಲ. ಯಾವ ಅಮೆರಿಕ? ಸ್ನೆಲಿಂಗ್ಸನ ಅಮೆರಿಕವೋ, ಮಾಂಟೆರಿಯ ಅಮೆರಿಕವೋ? ‘ಆಯಿತು’ ಎಂಬ ಒಂದು ಕ್ರಿಯಾಪದದೊಳಗೆ ಎಷ್ಟೋ ಮಂದಿ ಕೇಳುಗರು, ಎಷ್ಟೋ ವರ್ಷಗಳು ಒಟ್ಟಾಗಿ ಕರಗಿಹೋಗುತ್ತವೆ. ತರಗತಿಯಲ್ಲಿ ಈ ಗೀತೆಯನ್ನು ‘ನಾಗರಿಕ ಹಕ್ಕುಗಳ ಹಾಡು’ ಎಂಬ ತಲೆಬರಹದಡಿ ಕೇಳಿಸುವ ಅಧ್ಯಾಪಕರು, ಅದರ ಪಕ್ಕದಲ್ಲಿ ವರ್ಷವನ್ನೂ ಕೇಳುಗನ ಹೆಸರನ್ನೂ ಬರೆದರೆ ವಿದ್ಯಾರ್ಥಿಗಳಿಗೆ ಉಪಕಾರವಾಗುತ್ತದೆ.

ಮಾರ್ಥಾ ರೀವ್ಸ್ 2005ರಲ್ಲಿ ಡೆಟ್ರಾಯಿಟಿನ ನಗರಸಭೆಗೆ ಚುನಾಯಿತಳಾಗಿ ಒಂದು ಅವಧಿಯವರೆಗೆ ಸದಸ್ಯೆಯಾಗಿದ್ದಳು. ಆ ಅವಧಿಯಲ್ಲಿಯೇ, 2006ರಲ್ಲಿ, ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ಈ ಗೀತೆಯನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ದಫ್ತರಕ್ಕೆ ಸೇರಿಸಿತು. ಮೇಳದ ಹೆಸರಿನ ಉತ್ತರಾರ್ಧವಾದ ‘ವ್ಯಾಂಡೆಲಾಸ್’ ಎಂಬುದು ಎರಡು ಹೆಸರುಗಳಿಂದ ಕೂಡಿಸಿದ್ದು: ಒಂದು ಡೆಲ್ಲಾ ರೀಸ್ ಎಂಬ ಗಾಯಕಿಯದು, ಮತ್ತೊಂದು ವ್ಯಾನ್ ಡೈಕ್ ಎಂಬುದು. ಅದು ಡೆಟ್ರಾಯಿಟಿನ ಒಂದು ಬೀದಿ. ಹಾಡಿನ ಗುಪ್ತಾರ್ಥವನ್ನು ಅರಸಿ ಷಿಕಾಗೊ, ಬಾಲ್ಟಿಮೋರ್‌ಗಳವರೆಗೆ ಹೋದ ವಿಮರ್ಶಕರು ಈ ಬೀದಿಯಲ್ಲಿ ಅಷ್ಟಾಗಿ ಸುಳಿದಂತೆ ತೋರುವುದಿಲ್ಲ.